ಬಾಯಾರಿದ ಕೊರಡು

ಗುಮ್ಮಘಟ್ಟದಿಂದ ಮಡಕಶಿರಾ ಸೀಮೆಗೆ ಸೊಸೆಯಾಗಿ ಬಂದ ತಿಪ್ಪಮ್ಮನಿಗೆ ಸೌದೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಅವಳ ಊರು ಬೋಳು ಬಯಲು. ಅಲ್ಲಿ ಬಿದ್ದ ಕಡ್ಡಿಯೂ ಒಲೆಯ ಪಾಲು. ಹಾಗಾಗಿ ಹಳ್ಳದ ದಂಡೆಯಲ್ಲಿ ಮಾವಿನ ಕೊರಡೊಂದು ಉರುಳಿಬಿದ್ದಿದ್ದನ್ನು ಕಂಡ ದಿನವೇ ಗಾಡಿ ಹೂಡಿಸಿ ತಂದಳು, ಬಿಸಿಲಿಗೆ ಹಾಕಿದಳು, ಅರ್ಧ ಸೀಳಿ ಉರಿಸಿದಳು. ಮುದ್ದೆಯೇನೋ ಚೆನ್ನಾಗಿಯೇ ಬೆಂದಿತು.

ಅತ್ತೆ ಕಾಟಮ್ಮ ಅಮರಾಪುರದ ಸಂತೆಯಿಂದ ಬಂದವಳೇ ಎದೆ ಬಡಿದುಕೊಂಡಳು. "ಅಯ್ಯೋ ನಿನ್ ಕೈ ಸೇದೋಗ! ಮರಗಿವಿ ಕೊರಡು ಕಣೆ ಅದು!"

ಮೊದಲ ಮಳೆಗಾಲವನ್ನು ತವರಿನಲ್ಲೇ ಕಳೆದಿದ್ದ ತಿಪ್ಪಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮಳೆ ಹಿಡಿದರೆ ಸತ್ತ ಮರದ ಮೈಮೇಲೆ ಕಿವಿಯಂಥ ಕಂದು ಅಣಬೆ ಮೂಡುತ್ತದೆ, ಅದೇ ಮರಗಿವಿ. ಮುಟ್ಟಿದರೆ ಲೋಳೆಲೋಳೆ, ಸಾರಿಗೆ ಬಿದ್ದರೆ ಬಾಡೂಟಕ್ಕೆ ಸಮ. ಕಿವಿ ಮೂಡುವ ಕೊರಡನ್ನು ಆ ಊರಲ್ಲಿ ಯಾರೂ ಮನೆಗೆ ತರುವುದಿಲ್ಲ, ಕಿವಿಗೆ ಕುಡುಗೋಲು ತಾಗಿಸುವುದಿಲ್ಲ; ಕೈಯಲ್ಲೇ ತಿರುಚಿ ಕಿತ್ತು, ಎಳೆಯವನ್ನು ಬಿಟ್ಟು ಬರುತ್ತಾರೆ. ಮದ್ರಾಸು ಸರ್ಕಾರ ಗುಡ್ಡದ ಸುತ್ತ ಗಡಿಕಲ್ಲು ನೆಟ್ಟು ಫಾರೆಸ್ಟು ಎಂದ ಮೇಲೆ ಹೆಂಗಸರಿಗೆ ಉಳಿದಿದ್ದದ್ದು ಅದೊಂದೇ ಕೊರಡು.

"ಹೊಸಾ ಕಿವಿ ಮೂಡೋಗಂಟ ನೀನು ತವರಿನ ಹೊಸ್ತಿಲು ತುಳಿಯಂಗಿಲ್ಲ" ಎಂದಳು ಕಾಟಮ್ಮ.

ನಾಗರಪಂಚಮಿಗೆ ಒಂದೂವರೆ ತಿಂಗಳಿತ್ತು. ಆ ಸೀಮೆಯ ಮಳೆಯೋ ಹಬ್ಬ ಮುಗಿದ ಮೇಲೆ ನೆನಪಾದರೆ ಬರುವಂಥದ್ದು. ಜೋಕಾಲಿ, ಅಣ್ಣ, ಅವ್ವನ ಎಳ್ಳುಂಡೆ ಎಲ್ಲ ಕಣ್ಣೆದುರು ಬಂದು ತಿಪ್ಪಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿದ ಮೇಲೆ ರಾಗಿ ತೊಳೆದ ನೀರನ್ನು ಸಿಟ್ಟಿನಿಂದ ಉಳಿದರ್ಧ ಕೊರಡಿಗೇ ಎರಚಿದಳು. ಪಾತ್ರೆ ಬೆಳಗಿ ತಿರುಗಿ ನೋಡಿದರೆ, ಸುಟ್ಟ ಚರ್ಮದ ಚೂರಿನಂತೆ ಅಂಟಿಕೊಂಡಿದ್ದ ಕಳೆದ ವರ್ಷದ ಕಿವಿಗಳು ಉಬ್ಬಿ ಮೆತ್ತಗಾಗಿದ್ದವು! ಮುಟ್ಟಿದಳು. ಕೂಸಿನ ಕಿವಿಯಷ್ಟೇ ಮೃದು.

"ಇದು ಸತ್ತಿಲ್ಲ, ಬಾಯಾರೈತಷ್ಟ" ಎಂದು ತನಗೆ ತಾನೇ ಹೇಳಿಕೊಂಡಳು.

ಅಂದೇ ಕೊರಡು ಬಚ್ಚಲ ಹಿಂದಿನ ಬಾಳೆಯ ನೆರಳಿಗೆ ಹೋಯಿತು. ಮೇಲೊಂದು ಒದ್ದೆ ಗೋಣಿ. ಬೆಳಿಗ್ಗೆ ಒಂದು ಕೊಡ ನೀರು, ಸಂಜೆ ಒಂದು ಕೊಡ.

"ಹೆಣಕ್ಕೆ ನೀರು ಹುಯ್ದ್ರೆ ಎದ್ದು ಕೂತ್ಕಂತದಾ?" ಎಂದು ನೆರೆಮನೆಯ ಚೌಡಕ್ಕ ನಕ್ಕಳು. ನಗುವವರು ನಗಲಿ ಎಂದು ತಿಪ್ಪಮ್ಮ ಒಂದು ದಿನವೂ ಕೊಡ ಕೆಳಗಿಡಲಿಲ್ಲ.

ಪಂಚಮಿಗೆ ನಾಲ್ಕು ದಿನವಿದ್ದಾಗ ಅಣ್ಣ ಹನುಮಂತರಾಯಪ್ಪ ಗಾಡಿ ಹೂಡಿಕೊಂಡು ಬಂದ. ಕಾಟಮ್ಮ ಬಚ್ಚಲ ಹಿಂದೆ ನಡೆದು ಗೋಣಿ ಸರಿಸಿದಳು. ಮೇಲೆಲ್ಲ ಹಳೆಯ ಕಿವಿಗಳೇ. ತಿಪ್ಪಮ್ಮ ದೇವರ ಮೇಲೆ ಭಾರ ಹಾಕಿ ಕೊರಡನ್ನು ಮಗುಚಿದಳು.

ಸೀಳಿನುದ್ದಕ್ಕೂ ಹೊಸ ಕಿವಿಗಳು! ಆ ವರ್ಷ ಇನ್ನೂ ಒಂದು ಹನಿ ಮಳೆ ಕಾಣದ ಊರಿನಲ್ಲಿ ಬೊಗಸೆಗಟ್ಟಲೆ ಕಿವಿಗಳು!

ಕಾಟಮ್ಮ ಅಲ್ಲೇ ಕುಕ್ಕರಿಸಿದಳು. ಬಲಿತವನ್ನು ತಿರುಚಿ ಕಿತ್ತು, ಎಳೆಯವನ್ನು ಬಿಟ್ಟು, ಸೊಸೆಯ ಸೆರಗಿಗೆ ಸುರಿದಳು. "ತಗಂಡೋಗು. ಒಳ್ಳೆ ಮಗಳ್ನ ಹೆತ್ತವ್ಳೆ ಅಂತ ನಿಮ್ಮವ್ವಂಗೆ ಹೇಳು."

ತಿಪ್ಪಮ್ಮನಿಗೆ ಭೂಮಿಯ ಮೇಲೆ ಕಾಲೇ ನಿಲ್ಲಲಿಲ್ಲ. ಗಾಡಿ ಹತ್ತಿ ಕೂಗಿದಳು: "ನಾ ಬರೋತನಕ ದಿನಾ ಎರಡು ಕೊಡ ನೀರು ಹಾಕ್ರಿ ಅತ್ತಿ, ಮರೀಬ್ಯಾಡ್ರಿ!"

ಯಾರ ಅಪ್ಪಣೆಯನ್ನೂ ಕೇಳಿ ಗೊತ್ತಿಲ್ಲದ ಕಾಟಮ್ಮ "ಆಯ್ತು ಕಣವ್ವ" ಎಂದಳು. ಗಾಡಿ ತಿರುವು ಮುಟ್ಟಿದಾಗ ತಿಪ್ಪಮ್ಮ ಹಿಂತಿರುಗಿ ನೋಡಿದಳು. ಅತ್ತೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಚ್ಚಲ ಕಡೆಗೆ ಹೊರಟಿದ್ದಳು, ಅವಳ ಹಿಂದೆ ಇನ್ನೊಂದು ಕೊಡ ಹೊತ್ತು ಚೌಡಕ್ಕ.