ಖಾಲಿ ಬಿಟ್ಟ ಚೌಕಗಳು

೧೯೮೬ರಲ್ಲಿ ರಾಯಚೂರಿನ ಗಣಿ ಯೋಜನಾ ಕಚೇರಿಗೆ ಕಂಪ್ಯೂಟರ್ ಬಂದಾಗ ಕುಂಕುಮ ಹಚ್ಚಿ, ಕಾಯಿ ಒಡೆದು, ಏ.ಸಿ. ಕೋಣೆಯಲ್ಲಿ ಕೂರಿಸಿದರು. ರಾಯಚೂರಿನ ಬಿಸಿಲಲ್ಲಿ ಮನುಷ್ಯರು ಹೇಗೋ ಬದುಕಿಕೊಳ್ಳುತ್ತಾರೆ, ಪಾಪ, ಯಂತ್ರಕ್ಕೆ ಆ ಕರ್ಮ ಯಾಕೆ! ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಅಂಥ ಮಡಿಯ ಕೋಣೆಯಲ್ಲಿ ದಿನವಿಡೀ ಕೂರುವ ಭಾಗ್ಯ ಕನಕಮ್ಮನದಾಯಿತು. ಅವಳು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ, ಊರ ಹೊರಗಿನ ಕೇರಿಯವಳು. ಆದರೆ ಟೈಪಿಂಗ್ ಪಾಸಾದವಳು ಕಚೇರಿಯಲ್ಲಿ ಆಕೆಯೊಬ್ಬಳೇ ಆದ್ದರಿಂದ ಮಡಿ ತುಸು ಸಡಿಲಗೊಂಡಿತ್ತು.

ಅವಳ ಊರಿನ ಗುಡ್ಡದಲ್ಲೇ ಚಿನ್ನವಿದೆಯೆಂದು ತೆರೆದ ಗಣಿ ತೋಡುವವರಿದ್ದರು. ತಳದ ಅದಿರು ತೆಗೆಯಲು ಮೇಲಿನ ಮಣ್ಣೆಷ್ಟು ತೆಗೆಯಬೇಕು, ಗೋಡೆ ಕುಸಿಯದಂತೆ ಹೊಂಡದ ಬಾಯಿ ಎಲ್ಲಿಯವರೆಗೆ ಅಗಲವಾಗಬೇಕು ಎಂಬುದೇ ಲೆಕ್ಕ. ಮೊದಲು ಡ್ರಾಫ್ಟ್ಸ್‌ಮನ್ ಸೈಫುದ್ದೀನ್ ಸಾಬರು ನೆಲವನ್ನು ಚೌಕ ಚೌಕ ಮಾಡಿ, ಹೊಂಡದ ಗೆರೆಯನ್ನು ಪೆನ್ಸಿಲಿನಿಂದ ತಳದಿಂದ ಮೇಲಕ್ಕೆ ಒಂದೊಂದೇ ಚೌಕ ಎಳೆಯುತ್ತ ತಿಂಗಳುಗಟ್ಟಲೆ ಕೂರುತ್ತಿದ್ದರು. ಈಗ ಅದನ್ನು ಯಂತ್ರವೇ, ಊಟಕ್ಕೆ ಹೋಗಿಬರುವಷ್ಟರಲ್ಲಿ, ಮಾಡಿ ಮುಗಿಸಿತು.

ಹೊರಬಂದ ನಕಾಶೆಯಲ್ಲಿ ಕನಕಮ್ಮ ತನ್ನ ಊರನ್ನು ಹುಡುಕಿದಳು. ಹೊಂಡದ ಬಾಯಿ ಇಡೀ ಕೇರಿಯನ್ನೂ ಅವಳ ಅವ್ವನ ಮನೆಯನ್ನೂ ನುಂಗಿತ್ತು.

ಸೈಫುದ್ದೀನ್ ಸಾಬರು ಕನ್ನಡಕ ಒರೆಸಿಕೊಂಡರು. "ಸರ್ವೆದಾಗ ಆ ಜಾಗ ಖಾಲಿ ಬಿಟ್ಟಾರ ನೋಡವ್ವಾ. ಖಾಲಿ ಅಂದ್ರ ಕೇರಿ ಅಂತ ಎಲ್ಲಾರಿಗೂ ಗೊತ್ತಿತ್ತು, ನಾವು ಅಲ್ಲಿ ಪೆನ್ಸಿಲ್ ಹಚ್ಚತಿದ್ದಿಲ್ಲ. ಮಷೀನಿಗೆ ಖಾಲಿ ಅಂದ್ರ ಬರೇ ಗಾಳಿ. ಗಾಳಿ ತೋಡಾಕ ಖರ್ಚಿಲ್ಲಲ್ಲ!"

ಸರ್ವೆ ಮಾಡಿದ್ದು ಹನುಮಂತ್ರಾಯರು. ಗೌಡರ ಮನೆ, ಗುಡಿ, ಕೊನೆಗೆ ತಿಪ್ಪೆಯ ಎತ್ತರವನ್ನೂ ಅಳೆದ ಪುಣ್ಯಾತ್ಮರು ಕೇರಿಯ ಬಾಯಿಗೆ ಬಂದು ತಿರುಗಿ ಹೋಗಿದ್ದರು. ಒಳಗೆ ಕಾಲಿಟ್ಟರೆ ಮನೆಗೆ ಹೋಗಿ ಸ್ನಾನ ಮಾಡಬೇಕಲ್ಲ. ಈಗ ಅವರು ಅದೇ ಕಚೇರಿಯ ಪ್ಲಾನಿಂಗ್ ಎಂಜಿನಿಯರ್.

ಕನಕಮ್ಮ ಅವರ ಮೇಜಿನ ಮುಂದೆ ಹೋಗಿ ನಿಂತಳು. "ಸಾಹೇಬ್ರ, ಅಲ್ಲಿ ಮನಿ ಅದಾವ್ರಿ. ನಮ್ಮ ಕೇರಿ."

"ಮಷೀನಿಗೆ ಜಾತಿ ಇಲ್ಲವ್ವಾ. ಅದು ಸುಳ್ಳು ಹೇಳಂಗಿಲ್ಲ."

"ಮಷೀನಿಗೆ ಇಲ್ರಿ. ಸರ್ವೆಕ್ಕ ಅದ. ಮತ್ತೊಮ್ಮೆ ಅಳತಿ ಮಾಡಸ್ರಿ."

ಹನುಮಂತ್ರಾಯರಿಗೆ ತಕ್ಷಣ ಕೆಮ್ಮು ಬಂತು. "ನಾಳೆ ಬೆಂಗಳೂರಿಂದ ಡೈರೆಕ್ಟರ್ ಬರಾಕತ್ಯಾರ, ಈಗ ಯಾವ ಸರ್ವೆ? ಖಾಲಿ ಇದ್ದಲ್ಲಿ ಏನಾರ ಒಂದು ನಂಬರ್ ಹಾಕು, ಹೋಗು."

ಯಂತ್ರದಲ್ಲಿ ಒಂಬತ್ತು ಅಂದರೆ ಮುಟ್ಟಬಾರದ ಜಾಗ. ಗುಡಿಗೆ, ಸಾಹೇಬರ ಗೆಸ್ಟ್ ಹೌಸಿಗೆ, ಗೌಡರ ಮಾವಿನ ತೋಪಿಗೆ ಮಾತ್ರ ಆ ಮರ್ಯಾದೆ ಸಿಕ್ಕಿತ್ತು. ಕೇರಿಯನ್ನೂ ಮುಟ್ಟದವರೇ ಇವರೆಲ್ಲ, ಆದರೆ ಅದಕ್ಕೆ ಒಂಬತ್ತು ಕೊಡಲು ಯಾರಿಗೂ ಹೊಳೆದಿರಲಿಲ್ಲ. ನೌಕರಿ ಹೋಗಬಹುದೆಂದು ಕನಕಮ್ಮನಿಗೆ ಹೆದರಿಕೆಯಾಯಿತು. ಅವ್ವನ ಮನೆ ನೆನಪಾಗಿ ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. ಖಾಲಿ ಚೌಕಗಳಿಗೆಲ್ಲ ಒಂಬತ್ತು ಒತ್ತಿ, ಯಂತ್ರದಿಂದ ಮತ್ತೆ ಲೆಕ್ಕ ಮಾಡಿಸಿದಳು.

ಮರುದಿನ ಡೈರೆಕ್ಟರ್ ಹೊಸ ನಕಾಶೆಯ ಮೇಲೆ ಬೆರಳಿಟ್ಟರು. "ಹೊಂಡ ಇಲ್ಲಿ ಸುತ್ತಿಕೊಂಡು ಹೋಗಿದೆಯಲ್ಲ, ಏನಿದೆ ಇಲ್ಲಿ?"

ಹನುಮಂತ್ರಾಯರು ನಕಾಶೆಯನ್ನು ಆಗಲೇ ಮೊದಲ ಸಲ ನೋಡಿದ್ದು. ಒಂಬತ್ತು ಕಂಡಿತು, ಅದು ಕೇರಿಯೆಂದು ಹೊಳೆಯಲಿಲ್ಲ. "ಭಾಳ ಮುಖ್ಯವಾದ ಜಾಗ್ರಿ ಸರ್!"

"ಹಾಗಾದರೆ ನೋಡೋಣ, ನಡೀರಿ."

ಜೀಪು ಹೊರಟಿತು. ದಾರಿ ತೋರಿಸಲು ಕನಕಮ್ಮನನ್ನು ಕರೆದುಕೊಂಡರು, ಏಕೆಂದರೆ ಸರ್ವೆ ಮಾಡಿದವರಿಗೆ ಕೇರಿಯೊಳಗಿನ ದಾರಿ ಗೊತ್ತಿರಲಿಲ್ಲ. ಕೇರಿಯಲ್ಲಿ ಅವಳ ಅವ್ವ ಸೂಗಮ್ಮ ಹೊರಸು ಹಾಕಿ, ಇಬ್ಬರು ಸಾಹೇಬರ ಕೈಗೂ ಚಹಾ ಕೊಟ್ಟಳು. ಡೈರೆಕ್ಟರ್ ಕುಡಿಯುತ್ತ ಸುತ್ತಲೂ ನೋಡಿದರು. ಸಾಲು ಮನೆಗಳು, ಅಂಗಳದ ತುಂಬ ಮಕ್ಕಳು.

"ಇಷ್ಟು ಮನೆಗಳಿವೆ, ಸರ್ವೆಯಲ್ಲಿ ಒಂದೂ ಇಲ್ಲ. ಯಾರ ಸರ್ವೆ ರೀ ಇದು?"

ಹನುಮಂತ್ರಾಯರು ಬೆವರಿದ್ದೇ ಉತ್ತರವಾಯಿತು.

"ಗಣಿ ಈ ಕಡೆ ಬರುವುದು ಬೇಡ. ನಾಳೆಯಿಂದ ನೀವೇ ಮನೆಮನೆಗೆ ಹೋಗಿ ಅಳೆದು ಕೊಡಿ ಹನುಮಂತ್ರಾಯರೇ."

ಕನಕಮ್ಮನಿಗೆ ಕಣ್ಣೀರು ಉಕ್ಕಿ ಬಂತು. ಸೂಗಮ್ಮನಿಗೆ ಗಣಿಯೂ ತಿಳಿಯಲಿಲ್ಲ, ಒಂಬತ್ತೂ ತಿಳಿಯಲಿಲ್ಲ. ಅವಳ ಕಣ್ಣು ಹನುಮಂತ್ರಾಯರ ಕೈಯಲ್ಲಿನ ತುಂಬಿದ ಗ್ಲಾಸಿನ ಮೇಲಿತ್ತು.

"ಕುಡೀರಿ ಯಪ್ಪಾ, ಆರ್ತದ. ನಾಳಿಂದ ಮನಿಮನಿಗೆ ಬರವ್ರು ನೀವು, ಎಲ್ಲಾರ ಮನ್ಯಾಗೂ ಚಾ ಮಾಡಸ್ತೀನಿ."