ಬೆಳ್ಳಕ್ಕಿ ಕುಕ್ಕಿದ ಮೇಲೆ

ಒನಕೆ ಎತ್ತಿದ್ದು ನಾನೇ. ಎತ್ತದೆ ಏನು ಮಾಡಲಿ? ಅಪುರೆ ನದಿಯ ಈ ತಗ್ಗಿನಲ್ಲಿ ಹೆಣ್ಣು ಕೇಳಲು ಬಂದವನಿಗೆ ಮೊದಲ ಸಲವೇ ಕಾಫಿ ಕೊಟ್ಟರೆ, ಮಗಳನ್ನು ಸಾಗಹಾಕಲು ಕಾದು ಕೂತಿದ್ದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ತಾಯಿಯಾದವಳು ಬೈದು ಅಟ್ಟಬೇಕು. ಅವನು ಮತ್ತೆ ಬರಬೇಕು, ಮತ್ತೆ ಬೈಸಿಕೊಳ್ಳಬೇಕು. ಮೂರನೆಯ ಸಲ ಕಾಫಿ, ಅಂದರೆ ಒಪ್ಪಿಗೆ. ನಮ್ಮ ಹಿರಿಯರು ಬೆಳ್ಳಕ್ಕಿಗಳನ್ನು ನೋಡಿ ಕಲಿತದ್ದಂತೆ ಇದು.

ನಿಕನೋರ್ ಬಂದ ದಿನ ನಾನು ಮೆಕ್ಕೆಜೋಳ ಕುಟ್ಟುತ್ತಿದ್ದೆ. ಬೆಟ್ಟದ ಕಡೆಯ ಹುಡುಗ, ಹೋದ ಮಳೆಗಾಲದಿಂದ ನಮ್ಮ ಜೊತೆ ಬೆಳ್ಳಕ್ಕಿ ಗೂಡುಗಳ ಕೆಳಗೆ ಉದುರಿದ ಗರಿ ಆಯುತ್ತಾನೆ. ನನ್ನ ಮಗಳು ಬೆನಿಲ್ಡಾಳ ಕಣ್ಣು ಅವನ ದೋಣಿಯ ಹಿಂದೆಯೇ ಓಡುತ್ತಿತ್ತು. ನನಗೂ ಇಷ್ಟವೇ. ಅದಕ್ಕೇ ಒನಕೆ ಎತ್ತಿ ಚೆನ್ನಾಗಿ ಬೈದೆ.

“ನಿನ್ನ ಮುಸುಡಿಗೆ ನನ್ನ ಮಗಳು ಬೇರೆ ಕೇಡು! ಇನ್ನೊಂದ್ಸಲ ಈ ಅಂಗಳಕ್ಕೆ ಬಂದ್ರೆ ಕಾಲು ಮುರೀತೀನಿ!”

“ಆಯ್ತಮ್ಮ, ತಪ್ಪಾಯ್ತು,” ಎಂದು ಅವನು ಹೊರಟುಹೋದ. ಎಷ್ಟು ಮರ್ಯಾದೆಯ ಹುಡುಗ ಎಂದು ನನಗೆ ಖುಷಿಯೇ ಆಯಿತು.

ಮರುದಿನ ಬರಲಿಲ್ಲ. ಆ ವಾರವೇ ಬರಲಿಲ್ಲ. ನಾಯಿ ಬೊಗಳಿದರೆ ಬಾಗಿಲಿಗೆ ಓಡುವುದು, ಯಾರದೋ ಹಸು ಕಂಡು ಶಪಿಸುವುದು, ಒಳಗೆ ಬಂದು ಗುಡಿಸಿದ್ದನ್ನೇ ಗುಡಿಸುವುದು. ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆನಿಲ್ಡಾ ರೊಟ್ಟಿ ಮುಟ್ಟುತ್ತಿರಲಿಲ್ಲ.

“ಇನ್ನೂ ಜೋರಾಗಿ ಬೈಬೇಕಿತ್ತು ಕಣಮ್ಮ. ಸಮುದ್ರದವರೆಗೂ ಓಡ್ತಿದ್ದ,” ಎಂದಳು.

“ಬಾಯಿ ಮುಚ್ಚೇ. ಬರ್ತಾನೆ.”

“ಯಾವಾಗ? ನನ್ನ ತಲೆ ನೆರೆತ ಮೇಲಾ?”

ಕರೆಯಲು ಹೋಗುವಂತಿಲ್ಲ, ಅಟ್ಟಿದವಳೇ ಕರೆದಳೆಂದರೆ ಮಾನ ಹೋಗುತ್ತದೆ. ಅಷ್ಟರಲ್ಲಿ, ನಾಳೆ ಗರಿ ವ್ಯಾಪಾರಿಯ ದೋಣಿ ಹತ್ತಿ ನಿಕನೋರ್ ತನ್ನೂರಿಗೆ ಮರಳುತ್ತಾನೆಂದು ಸುದ್ದಿ ಬಂತು. ಮಾನ ಹಾಳಾಗಲಿ ಎಂದು ದೋಣಿ ಬಿಚ್ಚಿದೆ.

ನೀರಲ್ಲಿ ಅರ್ಧ ಮುಳುಗಿದ ಮರಗಳ ನಡುವೆ ಅವನು ತನ್ನ ದೋಣಿಯಲ್ಲಿ ಕೂತು ಮೇಲೆ ನೋಡುತ್ತಿದ್ದ. ಕೊಂಬೆಯ ಮೇಲೆ ಗಂಡು ಬೆಳ್ಳಕ್ಕಿಯೊಂದು ಬೆನ್ನಿನ ಗರಿಗಳನ್ನೆಲ್ಲ ಹರಡಿ, ಕತ್ತನ್ನು ಆಕಾಶಕ್ಕೆ ಚಾಚಿ, ಕುಗ್ಗಿ ಏಳುತ್ತಿತ್ತು. ಹೆಣ್ಣು ಹತ್ತಿರ ಬಂದು ಕೂತಿತು. ಅಷ್ಟು ಹೊತ್ತು ಕರೆದ ಗಂಡೇ ಈಗ ಮೈಯ ಗರಿ ನಿಮಿರಿಸಿ, ಕರ್ರೆಂದು ಕೂಗಿ ಅದನ್ನು ಕುಕ್ಕಿತು. ಹೆಣ್ಣು ಪಕ್ಕದ ಕೊಂಬೆಗೆ ಹಾರಿ, ಸ್ವಲ್ಪ ಹೊತ್ತು ಗರಿ ತೀಡಿಕೊಂಡು, ಮತ್ತೆ ಬಂತು.

“ನೋಡ್ದಾ?” ಎಂದೆ. “ಕುಕ್ಕಿಸ್ಕೊಂಡ್ರೂ ಬರುತ್ತೆ. ದಿನಾ ನೋಡೋನು ನೀನು. ಅಷ್ಟೂ ತಿಳೀಲಿಲ್ವೇನೋ ದಡ್ಡ?”

“ಅದು ಹಕ್ಕಿ, ಕ್ರಿಸಾಂತಮ್ಮ. ನೀವು ಬೇಡ ಅಂದ್ರಿ.”

“ನಮ್ಮಲ್ಲಿ ಮೊದಲು ಬೇಡ ಅನ್ನೋದೇ ಪದ್ಧತಿ ಕಣೋ! ಮತ್ತೆ ಬರ್ಬೇಕು!”

ಅವನು ನನ್ನನ್ನೇ ನೋಡಿದ. “ಹಾಗಾದ್ರೆ ನಿಮ್ಮೂರಲ್ಲಿ ನಿಜವಾಗ್ಲೂ ಬೇಡ ಅನ್ನೋರು ಏನಂತಾರೆ?”

ಬೆನಿಲ್ಡಾಳ ಅಪ್ಪ ನನ್ನನ್ನು ಕೇಳಿಕೊಂಡು ಬಂದಾಗ ನಾನು ಬೇಡ ಅಂದಿದ್ದೆ. ಅಳುತ್ತಾ ಅಂದಿದ್ದೆ. ಅದೂ ಪದ್ಧತಿಯೆಂದುಕೊಂಡು, ಮಗಳಿಗೆ ಚೆನ್ನಾಗಿ ಕಲಿಸಿದ್ದೀಯ ಎಂದು ಎಲ್ಲರೂ ನನ್ನ ಅಮ್ಮನನ್ನು ಹೊಗಳಿದ್ದರು. ಅವನು ಸತ್ತು ಎಷ್ಟೋ ವರ್ಷವಾಯಿತು. ಆ ಸಿಟ್ಟು ಮಾತ್ರ ಎದೆಯಲ್ಲಿ ಹಾಗೇ ಇದೆ ಎಂದು ಆಗ ಗೊತ್ತಾಯಿತು.

“ಹೋಗು,” ಎಂದೆ. “ನನ್ನ ಕೇಳ್ಬೇಡ, ಅವಳನ್ನೇ ಕೇಳು. ಅವಳು ಬೇಡ ಅಂದ್ರೆ ಬೇಡ. ಹೊರಟುಬಿಡು.”

ಅವನ ಮುಖ ಅರಳಿತು. ಹುಟ್ಟು ಹಾಕುತ್ತ ಮರಗಳಾಚೆ ಮರೆಯಾಗಿಯೇಬಿಟ್ಟ. ಆಮೇಲೆ ನನಗೆ ಹೊಳೆಯಿತು. ಅಯ್ಯೋ, ಬೆನಿಲ್ಡಾ! ಮರ್ಯಾದಸ್ಥ ಹುಡುಗಿ ಮೊದಲು ಬೇಡ ಅನ್ನಬೇಕೆಂದು ಅವಳಿಗೆ ಕಲಿಸಿದವಳು ನಾನೇ. ಅವಳು ಅಂದೇ ಅನ್ನುತ್ತಾಳೆ. ಇವನು ನಂಬಿಯೇ ನಂಬುತ್ತಾನೆ.

ಭುಜ ಕಳಚಿ ಬೀಳುವ ಹಾಗೆ ಹುಟ್ಟು ಹಾಕಿದೆ. ಹರೆಯದವನ ತೋಳಿಗೆ ನನ್ನ ತೋಳು ಸಾಟಿಯೇ? ನಮ್ಮ ಮನೆಯ ದಡ ಕಾಣುವಷ್ಟರಲ್ಲಿ ಅವನು ಇಳಿದಾಗಿತ್ತು, ಅವಳು ಅಂಗಳಕ್ಕೆ ಬಂದಾಗಿತ್ತು. ಗೂಡಿನ ಕಾಲದಲ್ಲಿ ಈ ನೀರಿನ ಮೇಲೆ ಯಾರೂ ಕೂಗುವುದಿಲ್ಲ, ಹಕ್ಕಿಗಳು ಗೂಡು ಬಿಟ್ಟು ಹೋಗುತ್ತವೆಂದು. ನಾನು ದೋಣಿಯಲ್ಲಿ ಎದ್ದು ನಿಂತೆ.

“ಬೆನಿಲ್ಡಾ! ನಾನು ಕಲಿಸಿದ್ದು ಹೇಳ್ಬೇಡ ಕಣೇ! ನಿನ್ನ ಮನಸ್ಸಲ್ಲಿರೋದು ಹೇಳೇ!”

ಹಿಂದಿನ ಮರಗಳಿಂದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಆ ಸದ್ದಿನಲ್ಲಿ ಅವಳು ಏನಂದಳೋ ಕೇಳಿಸಲಿಲ್ಲ. ಅವನು ಹೊರಡಲು ತನ್ನ ದೋಣಿಯ ಕಡೆ ತಿರುಗಲಿಲ್ಲ, ಅಷ್ಟು ಕಂಡಿತು.