ಸೌದೆಯಲ್ಲಿ ಬಚ್ಚಿಟ್ಟ ಕಲ್ಲುಮರ

ಊರವರ ಉಂಗುರಕ್ಕೆಲ್ಲ ಹರಳು ಉಜ್ಜಿಕೊಡುವ ಸಾಣೆಗಾರನ ಸ್ವಂತ ಹೆಂಡತಿಯ ಕೊರಳು ಮಾತ್ರ ಬೋಳು. ಕಲ್ಲಿಗೇನೂ ಬರವಿರಲಿಲ್ಲ. ಯಾವ ಕಾಲದಲ್ಲೋ ಮಣ್ಣಿನಡಿ ಸಿಕ್ಕಿ ಕಲ್ಲಾಗಿಹೋದ ಮರದ ತುಂಡೊಂದು ಅವನ ಬಳಿ ಇತ್ತು. ಹೊರಗೆ ಥೇಟ್ ತೊಗಟೆ; ಅವನು ಉಜ್ಜಿ ಹೊಳಪು ಕೊಟ್ಟಿದ್ದ ಒಂದು ಮುಖದಲ್ಲಿ ಮಾತ್ರ ಜೇನುಬಣ್ಣದ ಸುತ್ತುಗಳು ಒಂದರೊಳಗೊಂದು ಕಾಣುತ್ತಿದ್ದವು. ಅದರಲ್ಲೊಂದು ಪದಕ ಮಾಡಿಕೊಡುತ್ತೇನೆಂದು ಮದುವೆಯಾದ ಹೊಸದರಲ್ಲಿ ಬಾಯಿ ಜಾರಿ ಹೇಳಿದ್ದ. ಆಮೇಲೆ ಎಷ್ಟೋ ಸಲ ಪದಕದ ಆಕಾರವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಗರಗಸದ ಚಕ್ರದವರೆಗೂ ಒಯ್ದು, ಈ ಸುತ್ತು ತುಂಡಾಗುತ್ತದಲ್ಲ ಎಂದು ಮರುಗಿ, ಗೆರೆ ಒರೆಸಿ ವಾಪಸ್ ಇಟ್ಟಿದ್ದ. ಹಲ್ಲು ಕೀಳಿಸಿಕೊಳ್ಳುವಾಗಲೂ ಆಸಾಮಿ ಇಷ್ಟು ಹೆದರಿರಲಿಲ್ಲ.

ಕಡೆಗೊಂದು ದಿನ ಹೆಂಡತಿ, ಪಕ್ಕದ ಬೀದಿಯ ಸಾಣೆಗಾರನಿಗೆ ಕೊಟ್ಟು ತಾನೇ ಕೊಯ್ಯಿಸಿಕೊಳ್ಳುವುದಾಗಿ ಹೇಳಿದಳು. ಅವಳು ಮಲಗಿದ ಮೇಲೆ ಇವನು ತುಂಡನ್ನು ಮೆಲ್ಲಗೆ ಎತ್ತಿಕೊಂಡ. ಮರದ ಜೊತೆ ಮರ ಸೇರಿದರೆ ಯಾರಿಗೆ ಗೊತ್ತಾಗುತ್ತದೆ ಎಂದು, ಹೊಳಪಿನ ಮುಖ ಒಳಗೆ ಮಾಡಿ ಹಿತ್ತಲ ಸೌದೆ ರಾಶಿಯಲ್ಲಿ ತುರುಕಿದ.

ನಿಜಕ್ಕೂ ಯಾರಿಗೂ ಗೊತ್ತಾಗಲಿಲ್ಲ. ಮಗಳನ್ನು ನೋಡಲು ಬಂದಿದ್ದ ಅತ್ತೆಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಸ್ನಾನದ ನೀರಿಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಒಲೆಗೆ ತುಂಬಿದರು.

ಫಟ್ ಎಂದ ಸದ್ದಿಗೆ ಅಳಿಯ ಬಚ್ಚಲಿಗೆ ಓಡಿಬಂದ.

“ಎಂಥಾ ಸೌದೆ ತಂದಿದೀರಪ್ಪಾ,” ಎಂದರು ಅತ್ತೆ. “ಎಷ್ಟು ಊದಿದ್ರೂ ಹತ್ಕೊಳ್ಳಲ್ಲ. ಮಾರಿದವನು ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ.”

ಕಳ್ಳನಿಗೆ ಚೇಳು ಕಡಿದಂತಾಯಿತು. ಬಾಯಿಬಿಟ್ಟು ಅಳುವಂತೆಯೂ ಇಲ್ಲ.

ಒಲೆ ಆರಿದ ಮೇಲೆ ಬೂದಿ ಕೆದಕಿ ಚೂರುಗಳನ್ನು ಆಯ್ದ. ಎಲ್ಲ ಬಿರುಕು. ಹೆಬ್ಬೆರಳ ಗಾತ್ರದ ಒಂದು ಚೂರು ಮಾತ್ರ ಗಟ್ಟಿಯಾಗಿತ್ತು. ಬೆಂಕಿಯ ಕಾವಿಗೆ ಅದರ ಜೇನುಬಣ್ಣ ಕೆಂಪಾಗಿತ್ತು. ಇನ್ನು ಕೊಯ್ಯಲು ಹೆದರುವುದಕ್ಕೆ ಉಳಿದದ್ದಾದರೂ ಏನು? ಉಜ್ಜುತ್ತಾ ಕೂತ. ಕಣ್ಣೀರೂ ಬಂತು, ಹೊಳಪೂ ಬಂತು. ಸಂಜೆ ಪದಕವನ್ನು ಹೆಂಡತಿಯ ಕೊರಳಿಗೆ ಹಾಕಿ, ನಡೆದದ್ದನ್ನೆಲ್ಲ ಒಪ್ಪಿಕೊಂಡ. ಅವಳು ಬೈಯುತ್ತಾಳೆಂದುಕೊಂಡರೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪದಕವೇನೋ ಕೊರಳು ಸೇರಿತು, ಇವನ ಜೀವವೂ ಅಲ್ಲೇ ಸೇರಿಕೊಂಡಿತು. ಅವಳು ಊಟಕ್ಕೆ ಬಡಿಸಲು ಬಂದರೆ ಸಾಕು, ಭೂತಗನ್ನಡಿ ಹಿಡಿದು ಸುತ್ತುಗಳನ್ನು ನೋಡಲು ಬಗ್ಗುವನು. ಅತ್ತೆ ಮುಖ ತಿರುಗಿಸಿ ಕೆಮ್ಮುವರು.

“ಇರಲಿ ಬಿಡಮ್ಮ,” ಎಂದಳು ಹೆಂಡತಿ ಒಂದು ದಿನ. “ಕಲ್ಲಿನ ನೆಪದಲ್ಲಾದ್ರೂ ಈ ಕಡೆ ನೋಡ್ತಿದಾರೆ.”

ಮಾತು ನಾಟಿತು. ಭೂತಗನ್ನಡಿ ಕೆಳಗಿಟ್ಟು ಬರಿಗಣ್ಣಲ್ಲಿ ನೋಡಿದ. ಪದಕದ ಪಕ್ಕದಲ್ಲೇ ಒಂದು ಪುಟ್ಟ ಮಚ್ಚೆ. ಇದು ಯಾವಾಗ ಬಂತು ಎಂದು ಕೇಳಲು ಬಾಯಿ ತೆರೆದವನು, ಹುಟ್ಟಿದಾಗಿನಿಂದಲೂ ಇದ್ದೀತೆಂಬ ಭಯಕ್ಕೆ ತೆಪ್ಪಗೆ ತುತ್ತು ಬಾಯಿಗಿಟ್ಟುಕೊಂಡ.